ಬಂದವರು ನೋಡುವ ಮನೆ

ನಮ್ಮ ಬಾಡಿಗೆ ಕಟ್ಟಡಕ್ಕೆ ಬಹುಮಾನ ಬಂದಿದೆ. ವಯಸ್ಸಾದವರು ನೆಮ್ಮದಿಯಾಗಿ ಬಾಳಲು ಇದಕ್ಕಿಂತ ಒಳ್ಳೆಯ ಮನೆಗಳು ಎಲ್ಲೂ ಇಲ್ಲವಂತೆ. ಹಸುವಿಗೆ ಬಹುಮಾನ ಕೊಡುವುದನ್ನು ನಾನು ನೋಡಿದ್ದೇನೆ, ಕುಂಬಳಕಾಯಿಗೆ ಕೊಡುವುದನ್ನೂ ನೋಡಿದ್ದೇನೆ. ಹಸುವಾದರೆ ಹಾಲು ಕೊಟ್ಟಿರುತ್ತದೆ, ಕುಂಬಳಕಾಯಿಯನ್ನಾದರೆ ಕೊಯ್ದು ಬೇಯಿಸಬಹುದು. ಈ ಮನೆ ನಮಗೆ ಏನು ಕೊಟ್ಟಿತು ಎನ್ನುವುದನ್ನು ಬಹುಮಾನ ಕೊಟ್ಟವರು ನಮ್ಮ ಮನೆಯಲ್ಲೇ ನಿಂತು ಕಣ್ಣಾರೆ ಕಂಡಿದ್ದಾರೆ. ಕಂಡೂ ಕೊಟ್ಟಿದ್ದಾರೆ. ಅದಕ್ಕೇ ಹೇಳಲು ಕೂತಿದ್ದೇನೆ.

ನಾನು ಬಸ್ಸಿನಲ್ಲಿ ಟಿಕೆಟ್ ತಪಾಸಣೆ ಮಾಡುತ್ತಿದ್ದವಳು. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಈ ಕಟ್ಟಡದಲ್ಲಿ ನನ್ನನ್ನು ಚೆಕ್ಕಿಂಗಮ್ಮ ಅಂತಲೇ ಕರೆಯುತ್ತಾರೆ, ಅದೂ ಬೆನ್ನ ಹಿಂದೆ. ಎದುರಿಗೆ ಕರೆಯುವಷ್ಟು ಗುಂಡಿಗೆ ಇಲ್ಲಿ ಯಾರಿಗೂ ಇಲ್ಲ. ಟಿಕೆಟ್ ತೆಗೆದುಕೊಳ್ಳದವನಿಗೆ ನಾನು ಬಸ್ ಹತ್ತಿದ ಕೂಡಲೇ ಕಿಟಕಿಯ ಹೊರಗಿನ ಮರಗಿಡಗಳ ಮೇಲೆ ವಿಪರೀತ ಪ್ರೀತಿ ಬರುತ್ತಿತ್ತು. ಆ ಕತ್ತಿನ ತಿರುವನ್ನು ಇಡೀ ಆಯುಷ್ಯ ನೋಡಿ ನೋಡಿ ನನಗೆ ಮನುಷ್ಯರ ಬಗ್ಗೆ ದೊಡ್ಡ ಅಭಿಪ್ರಾಯ ಉಳಿದಿಲ್ಲ. ಅವರಿಗೂ ನನ್ನ ಬಗ್ಗೆ ಇಲ್ಲ, ಅಲ್ಲಿಗೆ ಸರಿಹೋಯಿತು.

ಜೊತೆಯಲ್ಲಿರುವವಳು ನನ್ನ ಓರಗಿತ್ತಿ. ಅಣ್ಣನ ಹೆಂಡತಿ ಅವಳು, ತಮ್ಮನ ಹೆಂಡತಿ ನಾನು. ಗಂಡಂದಿರು ಇದ್ದಾಗ ನಾವಿಬ್ಬರೂ ಹಾವು ಮುಂಗುಸಿ. ಅವರಿಬ್ಬರೂ ಹೋದಮೇಲೆ ಒಂದೇ ಮನೆಯನ್ನು ಬಾಡಿಗೆಗೆ ಹಿಡಿದೆವು. ಪ್ರೀತಿ ಉಕ್ಕಿ ಹರಿಯಿತು ಅಂತೇನಲ್ಲ. ಜಗಳವಾಡಲು ಬೇರೆ ಯಾರೂ ಉಳಿಯದಿದ್ದಾಗ ಇರುವ ಒಬ್ಬಳನ್ನು ಜೋಪಾನ ಮಾಡಿಕೊಳ್ಳಬೇಕಾಗುತ್ತದೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ.

ಅಕ್ಕ ಮದುವೆಯ ಬಟ್ಟೆ ಹೊಲಿಯುತ್ತಿದ್ದಳು. ಅವಳ ಕೈಯಲ್ಲಿ ಹೊಲಿಸಿಕೊಂಡವರು ಇವತ್ತಿಗೂ ಅದನ್ನು ಹೇಳಿಕೊಂಡು ತಿರುಗುತ್ತಾರೆ. ಅವಳ ಅಂಗಡಿಯ ಕಾನೂನು ಒಂದೇ, ಕೊಳಕೆಲ್ಲ ಒಳಗೆ. ಗಂಟು, ಜೂಲು ದಾರ, ಬಿಚ್ಚಿ ಮತ್ತೆ ಹಾಕಿದ ಹೊಲಿಗೆ, ಯಾವುದೂ ಹೊರಗೆ ಕಾಣಬಾರದು. ಎಲ್ಲದರ ಮೇಲೂ ಅಂದವಾಗಿ ಲೈನಿಂಗ್ ಹಾಕಿ ಮುಚ್ಚಿಬಿಡುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಅದೇ ಕಾನೂನನ್ನು ಮನೆಗೆ ತಂದಳು. "ಬಂದೋರು ಏನಂತಾರೆ?" ಇದು ಅವಳ ಬಾಯಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿತ್ತೋ ದೇವರಿಗೇ ಗೊತ್ತು. ನಮ್ಮ ಮನೆಗೆ ಬರುತ್ತಿದ್ದವರಾದರೂ ಯಾರು? ಗ್ಯಾಸಿನವನು, ಮೇಲಿನ ಮನೆಯ ಮೇಷ್ಟ್ರು, ಅಪರೂಪಕ್ಕೆ ಬೆಕ್ಕು.

ಒಂದು ಕಾಯಿಲೆ ಬಂದುಹೋದ ಮೇಲೆ ಅಕ್ಕನಿಗೆ ನಿಲುವು ತಪ್ಪಿತು. ಕಾಲಿನಲ್ಲಿ ಬಲ ಇಲ್ಲವೆಂದಲ್ಲ. ಆದರೆ ಎರಡೂ ಕೈ ಖಾಲಿ ಇದ್ದರೆ ನೆಲವೇ ಓಲಾಡುತ್ತದೆ ಎನ್ನುತ್ತಿದ್ದಳು. ಕೈಯಲ್ಲಿ ಏನಾದರೊಂದು ಆಸರೆ ಸಿಕ್ಕರೆ ಸರಿಯಾಗಿ ನಡೆಯುತ್ತಾಳೆ. ಅವಳಿಗೆ ಬದುಕಿನಲ್ಲಿ ಉಳಿದಿದ್ದ ಹಟವೂ ಒಂದೇ: ಬಾತ್‌ರೂಮಿಗೆ ತಾನೊಬ್ಬಳೇ ಹೋಗಬೇಕು, ಒಳಗಿನಿಂದ ತಾನೇ ಚಿಲಕ ಹಾಕಿಕೊಳ್ಳಬೇಕು. ಅದೊಂದು ಹೋದರೆ ತನ್ನ ಕಥೆ ಮುಗಿಯಿತು ಅಂತ ಅವಳೇ ಹೇಳುತ್ತಿದ್ದಳು. ಅವಳು ಬಡಾಯಿ ಕೊಚ್ಚುವಾಗ ನನಗೆ ನಗು ಬರುತ್ತದೆ, ಆ ಮಾತು ಹೇಳುವಾಗ ಮಾತ್ರ ಯಾವತ್ತೂ ಬಂದಿರಲಿಲ್ಲ.

ಹಳೆಯ ಮನೆ ಅದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಚೆಂದವಾಗಿತ್ತು ಅಂತ ನಾನು ಹೇಳುವುದಿಲ್ಲ, ಕತ್ತಲೆ ಗವಿ ಅದು. ಮಲಗುವ ಕೋಣೆಯಿಂದ ಬಾತ್‌ರೂಮಿನವರೆಗೆ ಒಂದು ಇಕ್ಕಟ್ಟಾದ ಪ್ಯಾಸೇಜು. ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕಿತ್ತು, ಅದಕ್ಕೂ ನಾವು ಜಗಳವಾಡುತ್ತಿದ್ದೆವು. ಅಕ್ಕ ಮಂಚದ ತುದಿ ಹಿಡಿದು ಎದ್ದು, ಹೊಲಿಗೆ ಮಿಷನ್ನಿನ ಮೇಲೆ ಕೈಯೂರಿ, ಪ್ಯಾಸೇಜಿನೊಳಗೆ ಹೊಕ್ಕು, ಎಡಗೈ ಎಡಗೋಡೆಗೆ ಬಲಗೈ ಬಲಗೋಡೆಗೆ ಆನಿಸಿಕೊಂಡು ರಾಣಿಯ ಹಾಗೆ ನಡೆದುಹೋಗುತ್ತಿದ್ದಳು. ಗೋಡೆಯಲ್ಲಿ ಅವಳ ಅಂಗೈ ತಾಗುವ ಕಡೆ ಸುಣ್ಣ ಹೋಗಿ ಉದ್ದಕ್ಕೂ ಒಂದು ಕಪ್ಪು ಗೆರೆಯಾಗಿತ್ತು. ಬಾತ್‌ರೂಮಿನೊಳಗೆ ಕೂತು ಮೈತೊಳೆಯಲು ಒಂದು ಸ್ಟೂಲು, ಎದ್ದು ನಿಲ್ಲಲು ಕಿಟಕಿಯ ಸರಳಿಗೆ ಕಟ್ಟಿದ ಒಂದು ಬಟ್ಟೆಯ ಪಟ್ಟಿ. ಆ ಪಟ್ಟಿಯನ್ನೂ ಅಕ್ಕ ನಾಲ್ಕು ಪದರ ಮಡಿಚಿ ತಾನೇ ಹೊಲಿದಿದ್ದಳು. ಒಂದು ದಾರ ಹೊರಗೆ ಕಾಣುತ್ತಿರಲಿಲ್ಲ.

ಹೀಗಿರುವಾಗ ಕಟ್ಟಡದ ಮಾಲೀಕ ಕಂಪನಿಯವರಿಗೆ ಹಿರಿಯರ ಮೇಲೆ ಇದ್ದಕ್ಕಿದ್ದಂತೆ ಮಮತೆ ಉಕ್ಕಿತು. ಕಟ್ಟಡವನ್ನೆಲ್ಲ ಒಳಗಿನಿಂದ ಹೊಸದಾಗಿ ಮಾಡುತ್ತೇವೆ, ಅದಕ್ಕೆ ಮೊದಲು ನಮ್ಮ ವಿನ್ಯಾಸಗಾರರು ಮನೆಮನೆಗೆ ಬಂದು ನೀವು ಹೇಗೆ ಬದುಕುತ್ತೀರಿ ಎಂದು ನೋಡಿ ಕಲಿಯುತ್ತಾರೆ ಎಂದು ಹೇಳಿ ಕಳಿಸಿದರು. ಕಲಿಯುತ್ತಾರಂತೆ! ಕೇಳಿದ ತಕ್ಷಣ ನಮ್ಮ ಕಟ್ಟಡದ ಮುದುಕ ಮುದುಕಿಯರು ಏನು ಮಾಡಿದರು ಗೊತ್ತೇ? ಮನೆ ಚೊಕ್ಕಟ ಮಾಡಲು ಶುರುಮಾಡಿದರು.

ಮೇಲಿನ ಮನೆಯ ಮೇಷ್ಟ್ರು ತಮ್ಮ ಊರುಗೋಲನ್ನು ನೆಲಮಾಳಿಗೆಗೆ ಸಾಗಿಸಿದರು. ಎದುರು ಮನೆಯ ನರ್ಸಮ್ಮ ಗಂಡನ ಮಂಚದ ಪಕ್ಕದಲ್ಲಿದ್ದ ಕಮೋಡ್ ಕುರ್ಚಿಯ ಮೇಲೆ ಚಾದರ ಹೊದಿಸಿ ಹೊತ್ತುಕೊಂಡು ಹೋದಳು. ಚಾದರ ಹೊದಿಸಿದರೆ ಅದೇನು ಸಿಂಹಾಸನದ ಹಾಗೆ ಕಾಣುತ್ತದೆಯೇ? ಕುರ್ಚಿಯ ಕಾಲಿನ ಕೆಳಗಿನ ಇಟ್ಟಿಗೆ, ಬಾಗಿಲಿನ ಹಿಡಿಗೆ ಕಟ್ಟಿದ ಹಗ್ಗ, ನಾಲ್ಕು ಕಾಲಿನ ವಾಕರು, ಎಲ್ಲವೂ ಮೆಟ್ಟಿಲಿಳಿದು ನೆಲಮಾಳಿಗೆ ಸೇರಿದವು. ಮುದುಕರು ಹೇಗೆ ಬದುಕುತ್ತಾರೆ ಎಂದು ಕಲಿಯಬೇಕಿದ್ದವನು ಆವತ್ತು ನೆಲಮಾಳಿಗೆಯ ಬಾಗಿಲು ತೆರೆದಿದ್ದರೆ ಸಾಕಿತ್ತು.

"ಅಕ್ಕಾ, ಇದನ್ನೆಲ್ಲ ನೋಡೋದಕ್ಕೇ ಅವ್ರು ಬರ್ತಿರೋದು" ಅಂದೆ.

"ನಿನಗೆ ತಲೆ ಇಲ್ಲ. ಬಾತ್‌ರೂಮಲ್ಲಿ ಸ್ಟೂಲು ನೋಡಿದ್ರೆ ನನ್ನ ಕಾಲು ಹೋಗಿದೆ ಅಂದ್ಕೊಳ್ಳಲ್ವಾ? ಬಂದೋರು ಏನಂತಾರೆ?"

"ನಿಜ ಅಂತಾರೆ."

"ಬಾಯ್ ಮುಚ್ಕೊಂಡು ಇದನ್ನ ಕೆಳಗೆ ಇಟ್ಟು ಬಾ" ಎಂದು ಸ್ಟೂಲನ್ನೂ ಆ ಪಟ್ಟಿಯನ್ನೂ ನನ್ನ ಕೈಗೆ ತುರುಕಿದಳು. ನಾನು ಇಟ್ಟು ಬಂದೆ. ಅವಳ ಜೊತೆ ವಾದ ಮಾಡುವುದಕ್ಕಿಂತ ಮೆಟ್ಟಿಲಿಳಿಯುವುದು ಸುಲಭ.

ವಿನ್ಯಾಸಗಾರ ಬಂದ. ಚಿಕ್ಕ ವಯಸ್ಸು, ಸಣ್ಣ ಗಡ್ಡ, ಕಾಲಿಗೆ ಹಾಲಿನಂಥ ಬಿಳಿ ಬೂಟು. ಬೀದಿಯಲ್ಲಿ ನಡೆಯುವವನ ಬೂಟು ಅಷ್ಟು ಬೆಳ್ಳಗಿರುವುದಿಲ್ಲ. ಆ ಗಳಿಗೆಯಿಂದ ನನ್ನ ಲೆಕ್ಕದಲ್ಲಿ ಅವನ ಹೆಸರು ಬಿಳಿಬೂಟು. ಮನೆಯೊಳಗೆ ಬಂದು ಎಲ್ಲದಕ್ಕೂ "ವಾವ್" ಅಂದ. ಆಮೇಲೆ ಪ್ಯಾಸೇಜಿನ ನಡುವೆ ನಿಂತು ಎರಡೂ ತೋಳು ಚಾಚಿ, ಎರಡೂ ಗೋಡೆ ಮುಟ್ಟಿ ನಕ್ಕ.

"ಎಷ್ಟು ಇಕ್ಕಟ್ಟು ನೋಡಿ! ಇಲ್ಲಿ ನಿಮಗೆ ಉಸಿರು ಕಟ್ಟಲ್ವಾ ಅಮ್ಮಾ?"

"ಹೌದಪ್ಪ, ಬಹಳ ಇಕ್ಕಟ್ಟು" ಅಂದಳು ಅಕ್ಕ. ಮನೆಗೆ ಬಂದವನ ಮಾತನ್ನು ಅವಳು ಯಾವತ್ತೂ ತೆಗೆದುಹಾಕಿದವಳಲ್ಲ.

"ಈ ಗೋಡೆ ತೆಗೆದ್ರೆ ಹೇಗಿರುತ್ತೆ?"

"ತೆಗೀರಪ್ಪ. ನಮಗ್ಯಾಕೆ ಬೇಕು ಅದು?"

"ಓಡಾಡೋಕೆ ಏನಾದ್ರೂ ತೊಂದ್ರೆ ಇದೆಯಾ ನಿಮಗೆ?"

"ನನಗೇನು ತೊಂದ್ರೆ?" ಎಂದವಳೇ ಅಕ್ಕ ಕುರ್ಚಿಯಿಂದೆದ್ದು, ಬರಿಗೈಯಲ್ಲಿ, ಯಾವುದನ್ನೂ ಮುಟ್ಟದೆ, ನಡುಮನೆಯ ಈ ತುದಿಯಿಂದ ಕಿಟಕಿಯವರೆಗೆ ನಡೆದುಬಿಟ್ಟಳು. ಮುಖದಲ್ಲಿ ನಗು, ಹಣೆಯಲ್ಲಿ ಬೆವರು. ಕಿಟಕಿಯ ಹತ್ತಿರ ನಿಂತು ಹೊರಗೆ ಮರ ನೋಡತೊಡಗಿದಳು. ಆ ಕತ್ತಿನ ತಿರುವು ನನಗೆ ಗೊತ್ತಿಲ್ಲದ್ದೇ? ಶುದ್ಧ ಟಿಕೆಟ್ ಇಲ್ಲದ ಪ್ರಯಾಣ ಅದು. ಅವಳ ಕೈ ಪರದೆಯ ಮರೆಯಲ್ಲಿ ಕಿಟಕಿಯ ಸರಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದು ನನಗೆ ಕಾಣುತ್ತಿತ್ತು. ಬಿಳಿಬೂಟಿಗೆ ಕಾಣಲಿಲ್ಲ. ಅವನು ಗೋಡೆ ತೆಗೆದರೆ ಬೆಳಕು ಎಷ್ಟು ಚೆನ್ನಾಗಿ ಬರುತ್ತದೆ ಅಂತ ಹೇಳುತ್ತಿದ್ದ. ಬೇರೆ ಯಾರಾದರೂ ಆಗಿದ್ದರೆ ನಾನು ಅಲ್ಲೇ ಹಿಡಿದು ನಿಲ್ಲಿಸುತ್ತಿದ್ದೆ. ಅಕ್ಕನ ಮಾನ ಅಂತ ಸುಮ್ಮನಾದೆ.

ಕೆಲಸ ಮುಗಿಯುವವರೆಗೆ ನಮ್ಮನ್ನು ಪಕ್ಕದ ಬೀದಿಯ ಒಂದು ಹಳೆಯ ಹಾಸ್ಟೆಲಿನ ಕೋಣೆಗಳಿಗೆ ಹಾಕಿದರು. ಬೆಂಕಿಪೊಟ್ಟಣದಂಥ ಕೋಣೆ. ಅಲ್ಲಿ ಎಲ್ಲವೂ ಕೈಗೆಟುಕುತ್ತಿದ್ದರಿಂದ ಅಕ್ಕ ಆರಾಮಾಗಿದ್ದಳು, ಹೊಸ ಮನೆಯ ಕನಸು ಕಾಣುತ್ತಿದ್ದಳು. ಬಂದವರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಾರೆ ಎನ್ನುವುದು ಕನಸಿನ ಸಾರಾಂಶ.

ಮರಳಿ ಬಂದ ದಿನ ಬಾಯಿ ಬಿಟ್ಟವರು ನಾವು. ಪ್ಯಾಸೇಜಿಲ್ಲ, ಕೋಣೆಯಿಲ್ಲ, ಇಡೀ ಮನೆಯೇ ಒಂದು ಬಯಲು. ಈ ಮೂಲೆಯಲ್ಲಿ ಮಂಚ, ಆ ಮೂಲೆಯಲ್ಲಿ ಬಾತ್‌ರೂಮು, ನಡುವೆ ಮಕ್ಕಳು ಚೆಂಡಾಡುವಷ್ಟು ಜಾಗ. ನೆಲ ಬಿಳಿ, ಗೋಡೆ ಬಿಳಿ, ಬಾಗಿಲು ಬಿಳಿ, ಬಾತ್‌ರೂಮಿನೊಳಗೆ ಪಿಂಗಾಣಿಯೂ ಬಿಳಿ. ಅಕ್ಕನ ಮಂಜುಗಣ್ಣಿಗೆ ನೆಲ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಕಪಾಟುಗಳಿಗೆ ಹಿಡಿಯೇ ಇಲ್ಲ. ಬೆರಳಿನಿಂದ ಒತ್ತಿದರೆ ಅವು ತಾವಾಗಿ ತೆರೆದುಕೊಳ್ಳುತ್ತವೆ, ಆಸರೆಗೆಂದು ಕೈಯೂರಿದರೂ ತೆರೆದುಕೊಳ್ಳುತ್ತವೆ. ಇದಕ್ಕೆ ಬಿಳಿಬೂಟು "ತೆರೆದ ಬದುಕು" ಎಂದು ಹೆಸರಿಟ್ಟಿದ್ದ. ಅವನ ಪ್ರಕಾರ ಮುದುಕರ ಮನಸ್ಸು ಕುಗ್ಗುವುದು ಇಕ್ಕಟ್ಟಿನಿಂದ. ಅವನ ಅಜ್ಜಿ ಬದುಕಿದ್ದರೆ ಕಪಾಳಕ್ಕೆ ಎರಡು ಬಿಡುತ್ತಿದ್ದಳು.

ಅಕ್ಕ ಬಾಗಿಲಲ್ಲೇ ನಿಂತು "ಎಷ್ಟು ಚೆನ್ನಾಗಿದೆ" ಅಂದಳು. ಬಾಗಿಲ ಚೌಕಟ್ಟನ್ನು ಮಾತ್ರ ಬಿಡಲಿಲ್ಲ.

ನಾನು ಸ್ಟೂಲು ತರಲು ನೆಲಮಾಳಿಗೆಗೆ ಹೋದರೆ ಅಲ್ಲಿ ಬೈಸಿಕಲ್ ನಿಲ್ಲಿಸುವ ಕಂಬಿಗಳು ಸಾಲಾಗಿ ಹೊಳೆಯುತ್ತಿದ್ದವು. ಈ ಕಟ್ಟಡದಲ್ಲಿ ಬೈಸಿಕಲ್ ಹೊಡೆಯುವವರು ಯಾರು? ಮೇಷ್ಟ್ರೇ? ಮೇಲ್ವಿಚಾರಕನನ್ನು ಹುಡುಕಿ ಹಿಡಿದೆ. ಸೊಂಟಕ್ಕೆ ದೊಡ್ಡ ಕೀಲಿಗೊಂಚಲು ಕಟ್ಟಿಕೊಂಡು, ಅದು ಝಣಝಣ ಅಂದರೇ ತಾನು ಕೆಲಸ ಮಾಡಿದ ಹಾಗೆ ಎಂದು ತಿಳಿದವನು.

"ಇಲ್ಲಿದ್ದ ಸಾಮಾನೆಲ್ಲ ಎಲ್ಲಿ?"

"ಅದಾ? ಯಾರದೋ ಹಳೇ ಗುಜರಿ ಅಮ್ಮ. ಸಾಹೇಬ್ರು ಎಲ್ಲಾ ಮನೆಗೂ ಹೋಗಿ ನೋಡಿದ್ರಲ್ಲ, ಯಾರ ಮನೇಲೂ ಅಂಥ ಸಾಮಾನು ಇರ್ಲಿಲ್ಲ. ಲಾರಿಗೆ ಹಾಕಿಸಿಬಿಟ್ವಿ."

ಆ ಮಾತಿನಲ್ಲಿ ಎಲ್ಲಿ ತಪ್ಪು ಹುಡುಕುವುದು? ಕೊನೆಗೆ ಬಾತ್‌ರೂಮಿನ ಪಕ್ಕ ಗೋಡೆಗೆ ಒಂದು ಕೈಹಿಡಿ ಹಾಕಿಸಬೇಕು ಅಂದೆ.

"ಮೊಳೆ ಹೊಡೆಯೋ ಹಾಗಿಲ್ಲ. ಬಾಡಿಗೆ ಕರಾರಿನಲ್ಲಿ ಇದೆ."

"ಬಿದ್ರೆ?"

"ಬೀಳ್ಬಾರ್ದು ಅಂತ ಕರಾರಿನಲ್ಲಿ ಇಲ್ಲ" ಎಂದು ಅವನು ಝಣಝಣ ಎನ್ನುತ್ತಾ ಹೋದ. ನಾನು ಹೋದದ್ದೂ ಬರಿಗೈಯಲ್ಲಿ, ಬಂದದ್ದೂ ಬರಿಗೈಯಲ್ಲಿ.

ಅಲ್ಲಿಂದ ಅಕ್ಕನನ್ನು ಕೈಹಿಡಿದು ಬಾತ್‌ರೂಮಿಗೆ ಕರೆದುಕೊಂಡು ಹೋಗುವ ಕೆಲಸ ನನ್ನದಾಯಿತು. ಇಬ್ಬರಿಗೂ ಅದರಂಥ ಶಿಕ್ಷೆ ಬೇರೆ ಇರಲಿಲ್ಲ. ನನಗೂ ಮಂಡಿ ನೋವು. ಅವಳು ನನ್ನ ಕೈ ಹಿಡಿದಾಗಲೆಲ್ಲ, ಸಾಲ ಕೇಳಲು ಬಂದವಳ ಹಾಗೆ ಮುಖ ಬೇರೆ ಕಡೆ ತಿರುಗಿಸುತ್ತಿದ್ದಳು. ವಾಕರು ಕೊಳ್ಳೋಣ ಅಂದರೆ ಮೂಗು ಮುರಿದಳು. ಬೇಡವೆಂದರೆ ಮಿಷನ್ನು, ಟ್ರಂಕು, ಕುರ್ಚಿ ಎಲ್ಲವನ್ನೂ ಮಂಚದಿಂದ ಬಾತ್‌ರೂಮಿನವರೆಗೆ ಸಾಲಾಗಿ ಇಟ್ಟುಬಿಡೋಣ, ಅದನ್ನೇ ಹಿಡಿದುಕೊಂಡು ಹೋಗು ಅಂದೆ.

"ಇಷ್ಟು ಚೆಂದದ ಮನೆಯನ್ನ ಗೋದಾಮು ಮಾಡ್ಬೇಕಾ? ಬಂದೋರು ಏನಂತಾರೆ?"

"ಯಾವ ಬಂದೋರು ಅಕ್ಕಾ? ಯಾರ್ ಬರ್ತಾರೆ?"

ಮನೆಯ ಅಂದ ಕೆಡಬಾರದೆಂದು ಅವಳು ಬಾಲ್ಕನಿಗೆ ಹಾಕಿಸಿದ್ದ ಮಿಷನ್ನು ಅಲ್ಲೇ ಚಾದರ ಹೊದ್ದುಕೊಂಡು ಉಳಿಯಿತು.

ಆಮೇಲೆ ಅಕ್ಕ ನೀರು ಕುಡಿಯುವುದನ್ನು ಕಡಿಮೆ ಮಾಡಿದಳು. ನಾನು ತಕ್ಷಣ ಗಮನಿಸಲಿಲ್ಲ. ಟೀ ಮಾಡಿಕೊಟ್ಟರೆ ಬಾಯಿ ರುಚಿಯಿಲ್ಲ ಅನ್ನುತ್ತಿದ್ದಳು, ಲೋಟ ತುಂಬ ನೀರಿಟ್ಟರೆ ಗಿಡಕ್ಕೆ ಹಾಕುತ್ತಿದ್ದಳು. ಗಿಡ ಚೆನ್ನಾಗಿ ಬೆಳೆಯಿತು. ಅಕ್ಕನ ತುಟಿ ಒಡೆದು, ಮಾತು ಕಡಿಮೆಯಾಗಿ, ಮಂಚವೇ ಅವಳ ಮನೆಯಾಯಿತು. ಜಗಳವಾಡುವುದನ್ನೂ ಬಿಟ್ಟಳು. ಬೇಕೆಂದೇ ಸಾರಿಗೆ ಉಪ್ಪು ಜಾಸ್ತಿ ಹಾಕಿ ನೋಡಿದೆ. ಸುಮ್ಮನೆ ಉಂಡಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ನಾನು ತರಕಾರಿ ತಂದು ಬಾಗಿಲು ತೆರೆದರೆ, ಆ ಬಿಳಿ ಬಯಲಿನ ನಟ್ಟನಡುವೆ ಅಕ್ಕ ನೆಲದ ಮೇಲೆ ಇದ್ದಳು. ಬಿದ್ದಳೆಂದು ಚೀಲ ಎಸೆದು ಓಡಿದೆ. ಬಿದ್ದಿರಲಿಲ್ಲ. ಕೂತಲ್ಲಿಂದ ಕೈಯೂರಿ, ಮೈ ಎಳೆದುಕೊಂಡು, ಮತ್ತೆ ಕೈಯೂರಿ, ತೆವಳಿಕೊಂಡು ಬಾತ್‌ರೂಮಿಗೆ ಹೋಗುತ್ತಿದ್ದಳು. ನಾನು ಹೊರಗೆ ಹೋದಾಗಲೆಲ್ಲ ಹೀಗೇ ಹೋಗುತ್ತಿದ್ದಳೆಂದು ಅವಳ ಬಟ್ಟೆಯ ಸವೆದ ಅಂಚು ನೋಡಿ ತಿಳಿಯಿತು. ಮದುವಣಗಿತ್ತಿಯರು ಅವಳೆದುರು ಸೊಂಟ ನೆಟ್ಟಗೆ ಮಾಡಿ ನಿಲ್ಲುತ್ತಿದ್ದರು, ಆ ನನ್ನ ಅಕ್ಕ ಇವಳು.

"ಯಾರ ಹತ್ರನಾದ್ರೂ ಬಾಯಿ ಬಿಟ್ರೆ ನಿನ್ನ ಮುಖ ನೋಡಲ್ಲ" ಅಂದಳು, ನೆಲದಿಂದಲೇ.

"ಇಲ್ಲ ಅಕ್ಕಾ" ಎಂದೆ. ಟೊಮೆಟೊ ಹೆಕ್ಕುವ ನೆಪದಲ್ಲಿ ಅತ್ತ ತಿರುಗಿದೆ.

ಇದಾದ ಸ್ವಲ್ಪ ದಿನಕ್ಕೆ ಬಿಳಿಬೂಟು ಹಲ್ಲು ಕಿರಿಯುತ್ತಾ ಬಂದ. ಕಟ್ಟಡ ಒಂದು ದೊಡ್ಡ ಬಹುಮಾನದ ಕೊನೆಯ ಸುತ್ತಿಗೆ ಹೋಗಿದೆಯಂತೆ. ತೀರ್ಪುಗಾರರು ನೋಡಲು ಬರುತ್ತಾರಂತೆ. ನಮ್ಮ ಮನೆಯನ್ನೇ ತೋರಿಸಬೇಕೆಂದು ಅವನ ಆಸೆ.

"ನಿಮ್ಮ ಮನೆಯಷ್ಟು ನೀಟಾಗಿ ಯಾರೂ ಇಟ್ಟುಕೊಂಡಿಲ್ಲ ಅಮ್ಮಾ. ನೀವು ಸುಮ್ನೆ ಆ ಕಡೆಯಿಂದ ಈ ಕಡೆ ನಡೆದು ಬನ್ನಿ, ಆವತ್ತು ನಡೆದ್ರಲ್ಲ ಹಾಗೆ. ಫೋಟೋ ತೆಗೀತಾರೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ "ಆಗ್ಲಪ್ಪ" ಅಂದುಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಮುಖಕ್ಕೆ ಕಳೆ ಬಂದಿತ್ತು. ಕೊನೆಗೂ ಬಂದೋರು ಬರುವವರಿದ್ದರು.

ಆ ದಿನ ಅಕ್ಕ ತಾನೇ ಹೊಲಿದ ನೀಲಿ ಉಡುಪು ಹಾಕಿಕೊಂಡು, ಕೂದಲು ಬಾಚಿ, ಮಂಚದ ತುದಿಯಲ್ಲಿ ಕೂತಳು. ಬಂದವರು ನಾಲ್ವರು. ಬಿಳಿಬೂಟು, ಮೇಲ್ವಿಚಾರಕ ಕೀಲಿಗೊಂಚಲು, ಕ್ಯಾಮೆರಾದವನು, ಮತ್ತೆ ತೀರ್ಪುಗಾರ ಮೇಡಂ. ಮೇಡಮ್ಮಿಗೂ ನನ್ನಷ್ಟೇ ವಯಸ್ಸು, ಆದರೆ ಆ ವಯಸ್ಸು ಅವರ ಮುಖದವರೆಗೆ ಬಂದಿರಲಿಲ್ಲ. ಒಳಗೆ ಬಂದವರೇ "ಎಂಥಾ ಬೆಳಕು!" ಅಂದರು. ಇವರಿಗೆಲ್ಲ ಬೆಳಕಿನದೇ ಹುಚ್ಚು. ಮನೆಯೊಳಗೆ ಬೆಳಕು ಬರುವುದನ್ನು ಮೊದಲ ಸಲ ನೋಡಿದವರ ಹಾಗೆ ಆಡುತ್ತಾರೆ.

ಮೊದಲು ಅಕ್ಕ ಟೀ ಕುಡಿಯುವ ಫೋಟೋ ಬೇಕಾಯಿತು. ಅಕ್ಕ ಕುಡಿದಳು. ಟೀ ಕಪ್ ಮುಖಕ್ಕೆ ಅಡ್ಡ ಬಂತಂತೆ, ಇನ್ನೊಮ್ಮೆ ಅಂದರು. ಕಪ್ ತುಂಬಿಸಿದೆ. ಈ ಸಲ ಹಬೆ ಕಾಣಲಿಲ್ಲವಂತೆ, ಬಿಸಿ ಟೀ ಹಾಕಿಕೊಟ್ಟೆ. ಬಂದವರ ಮಾತು ತೆಗೆದುಹಾಕಲು ಬಾರದ ಅಕ್ಕ ಅದನ್ನೂ ಕುಡಿದಳು. ವಾರಗಟ್ಟಲೆ ಹನಿ ಹನಿ ಲೆಕ್ಕ ಮಾಡಿ ಕುಡಿದವಳ ಹೊಟ್ಟೆಗೆ ಅಷ್ಟು ಟೀ ಹೋದರೆ ಏನಾಗಬೇಕೋ ಅದೇ ಆಯಿತು. ಅವಳು ಮಂಚದ ಅಂಚನ್ನು ಹಿಡಿದ ರೀತಿ ನೋಡಿಯೇ ನನಗೆ ಗೊತ್ತಾಯಿತು.

"ಈಗ ನಡೆದು ಬನ್ನಿ ಅಮ್ಮಾ" ಅಂದ ಬಿಳಿಬೂಟು. "ಬಾತ್‌ರೂಮಿನ ಕಡೆಗೇ ನಡೀರಿ. ಆ ಕಡೆ ಲೈಟ್ ಚೆನ್ನಾಗಿದೆ."

ನಾನು ಅಕ್ಕನ ಪಕ್ಕಕ್ಕೆ ಹೋಗಿ ಮೆಲ್ಲಗೆ ಕೈ ಚಾಚಿದೆ.

"ನೀವು ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಫ್ರೇಮಲ್ಲಿ ಬರ್ತಿದ್ದೀರ" ಅಂದ ಕ್ಯಾಮೆರಾದವನು.

ಅಕ್ಕ ಎದ್ದು ನಿಂತಳು. ಎದುರಿಗೆ ಆ ಬಿಳಿ ಬಯಲು. ಒಂದು ಹೆಜ್ಜೆ ಇಟ್ಟಳು, ಕಾಲು ಓಲಾಡಿತು. ಮತ್ತೆ ಮಂಚ ಹಿಡಿದಳು. ಎಲ್ಲರೂ ಕಾಯುತ್ತಿದ್ದರು. ಬಿಳಿಬೂಟು ಪ್ರೋತ್ಸಾಹ ಕೊಡುವವನ ಹಾಗೆ ತಲೆಯಾಡಿಸುತ್ತಿದ್ದ. ಈಗ ಬೀಳುತ್ತಾಳೆ, ಇಲ್ಲದಿದ್ದರೆ ನಿಂತಲ್ಲೇ ಒದ್ದೆ ಮಾಡಿಕೊಳ್ಳುತ್ತಾಳೆ, ಎರಡರಲ್ಲಿ ಯಾವುದು ನಡೆದರೂ ಅವಳು ಆಮೇಲೆ ಬದುಕುವುದಿಲ್ಲ ಎಂದುಕೊಂಡೆ. ಅವಳು ನನ್ನ ಕಡೆ ನೋಡಿದಳು. ನಾನು ಮತ್ತೆ ಕೈ ಚಾಚಿದೆ. ಅವಳು ಬೇಡವೆಂದು ತಲೆಯಾಡಿಸಿದಳು.

ಆಮೇಲೆ ಅಕ್ಕ ನೀಲಿ ಉಡುಪನ್ನು ಮೊಣಕಾಲಿನ ಸುತ್ತ ಅಚ್ಚುಕಟ್ಟಾಗಿ ಒಟ್ಟುಮಾಡಿಕೊಂಡು, ಮಂಚ ಹಿಡಿದು ನಿಧಾನವಾಗಿ ಕೆಳಗಿಳಿದು, ನೆಲದ ಮೇಲೆ ಕೂತಳು. ಕೈಯೂರಿದಳು, ಮೈ ಎಳೆದುಕೊಂಡಳು. ಮತ್ತೆ ಕೈಯೂರಿದಳು. ಎಲ್ಲರ ನಡುವೆಯೇ, ಯಾರ ಮುಖವನ್ನೂ ನೋಡದೆ, ತೆವಳಿಕೊಂಡು ಹೊರಟಳು. ನೆಲ ಅಷ್ಟು ನುಣ್ಣಗಿದ್ದುದರಿಂದ ಬಟ್ಟೆ ಜಾರುವ ಸಣ್ಣ ಸದ್ದೊಂದೇ ಕೇಳುತ್ತಿತ್ತು. ಕ್ಯಾಮೆರಾದವನು ಕ್ಯಾಮೆರಾ ಇಳಿಸಿದ. ಕೀಲಿಗೊಂಚಲು ಕೂಡ ಸದ್ದು ಮಾಡಲಿಲ್ಲ.

ನಡುವಿನಲ್ಲಿ ಬಿಳಿಬೂಟು ಓಡಿಬಂದು ಬಗ್ಗಿದ. "ಅಯ್ಯೋ, ಅಮ್ಮಾ, ಏನಾಯ್ತು? ಕೈ ಕೊಡಿ, ನಾನು ಎಬ್ಬಿಸ್ತೀನಿ."

ಅಕ್ಕ ಆ ಬೂಟುಗಳನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

"ನಿನ್ನ ಕೈ ಯಾಕಪ್ಪ ನನಗೆ? ನನ್ನ ಗೋಡೆ ಇತ್ತಲ್ಲ, ಅದನ್ನ ಕೊಡು."

"ಆದ್ರೆ ಅಮ್ಮಾ... ಗೋಡೆ ಬೇಡ ಅಂತ ನೀವೇ ಹೇಳಿದ್ರಲ್ಲ."

"ಹೇಳ್ದೆ. ನೀನು ಮನೆಗೆ ಬಂದಿದ್ದೆ. ಮನೆಗೆ ಬಂದೋರ ಮುಂದೆ ಯಾರಾದ್ರೂ ನಿಜ ಹೇಳ್ತಾರಾ?" ಆಮೇಲೆ ನನ್ನ ಕಡೆ ತಿರುಗಿದಳು. "ನೀನೇನು ನೋಡ್ತಾ ನಿಂತಿದ್ದೀಯ? ನಾನು ಗೋಡೆ ಬೇಡ ಅಂದಾವತ್ತೂ ಹೀಗೇ ಸುಮ್ನೆ ನಿಂತಿದ್ದೆ. ಹೋಗಿ ಮಿಷನ್ ತಗೊಂಡು ಬಾ. ನಾನು ಹೊರಗೆ ಬರೋ ಹೊತ್ತಿಗೆ ನನಗೆ ದಾರಿ ಇರ್ಬೇಕು."

ಇಷ್ಟು ಹೇಳಿ ತೆವಳಿಕೊಂಡೇ ಬಾತ್‌ರೂಮು ಸೇರಿ ಬಾಗಿಲು ತಳ್ಳಿದಳು. ಬೇಸಿನ್ನು ಹಿಡಿದು ಎದ್ದ ಸದ್ದು ಕೇಳಿತು, ಆಮೇಲೆ ಒಳಗಿನಿಂದ ಚಿಲಕ ಬಿತ್ತು.

ಆ ಮಿಷನ್ನಿನ ಕಾಲು ಬೀಡುಕಬ್ಬಿಣದ್ದು, ನನ್ನೊಬ್ಬಳಿಂದ ಆಗುವ ಕೆಲಸವಲ್ಲ. "ಏನ್ ಸಾರ್, ಹಿಡೀರಿ ಆ ಕಡೆ" ಅಂದೆ ಬಿಳಿಬೂಟಿಗೆ. ನನ್ನ ದನಿಯಲ್ಲಿ ಬಸ್ಸಿನಿಂದ ಇಳಿಸುವ ದನಿ ಬಂದಿತ್ತೆಂದು ಕಾಣುತ್ತದೆ, ಮರುಮಾತಾಡದೆ ಹಿಡಿದ. ಪೆಡಲಿನಿಂದ ಹಳೆಯ ಎಣ್ಣೆ ಅವನ ಎಡಗಾಲಿನ ಬೂಟಿನ ಮೇಲೆ ಇಳಿಯಿತು. ನನಗೆ ಬಹಳ ಖುಷಿಯಾಯಿತು. ಮಿಷನ್ನು, ಅದರ ಪಕ್ಕ ಟ್ರಂಕು, ಟ್ರಂಕಿನ ಮೇಲೆ ಇನ್ನೊಂದು ಟ್ರಂಕು, ಆಮೇಲೆ ಎರಡು ಕುರ್ಚಿ ಬೆನ್ನು ಈಚೆ ಮಾಡಿ, ಕೊನೆಗೆ ಊಟದ ಮೇಜು. ಕೀಲಿಗೊಂಚಲು "ನೆಲಕ್ಕೆ ಗೀಚು ಬೀಳುತ್ತೆ, ಕರಾರಿನಲ್ಲಿ..." ಎಂದು ಶುರುಮಾಡಿದ. "ನೀನು ಆ ಕುರ್ಚಿ ಎತ್ತು" ಅಂದೆ. ಎತ್ತಿದ.

ಚಿಲಕ ತೆರೆಯಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಮುಖ ತೊಳೆದಿದ್ದಳು. ಕೈ ಚಾಚಿದಳು, ಮೇಜು ಸಿಕ್ಕಿತು. ಮೇಜಿನಿಂದ ಕುರ್ಚಿ, ಕುರ್ಚಿಯಿಂದ ಟ್ರಂಕು, ಟ್ರಂಕಿನಿಂದ ಅವಳ ಮಿಷನ್ನು. ಅದರ ಮೇಲೆ ಒಂದು ಗಳಿಗೆ ಅಂಗೈ ಊರಿ ನಿಂತಳು. ಅಲ್ಲಿಂದ ಮಂಚ. ಈ ಹೊಸ ಮನೆಯಲ್ಲಿ ಅವಳು ಒಬ್ಬಳೇ ನಡೆದದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ.

ತೀರ್ಪುಗಾರ ಮೇಡಂ ತುಂಬ ನಯವಾಗಿ, "ಆದ್ರೆ ಮನೆ ಈಗ ಬಹಳ ಚಿಕ್ಕದಾಗಿ ಕಾಣುತ್ತಲ್ವಾ?" ಅಂದರು.

"ಹೌದು. ಈಗ ಕೈಗೆ ಸಿಗುತ್ತೆ" ಅಂದಳು ಅಕ್ಕ.

ಹೊರಗೆ ಹೋಗಬೇಕಾದರೆ ಬಂದವರು ನಮ್ಮ ಸಾಮಾನಿಗೂ ಗೋಡೆಯ ಕಪಾಟಿಗೂ ನಡುವೆ ಉಳಿದಿದ್ದ ಸಂದಿಯಲ್ಲೇ ತೂರಬೇಕಿತ್ತು. ಒಬ್ಬರ ಹಿಂದೆ ಒಬ್ಬರು ಹೊರಟರು. ಮೇಡಂ ಒಂದು ಕೈ ಟ್ರಂಕಿನ ಮೇಲೆ, ಒಂದು ಕೈ ಕಪಾಟಿನ ಮೇಲೆ ಊರಿಕೊಂಡು ಹೋದರು. ಕಪಾಟು ತಾನಾಗಿ ತೆರೆದುಕೊಂಡು ಅವರ ಮೊಣಕೈಗೆ ಬಡಿಯಿತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬಿಳಿಬೂಟು ಏನೋ ಹೇಳುತ್ತಾ ಹೋದ, ಮುಂದಿನ ಹಂತದಲ್ಲಿ ನೋಡೋಣ, ಚಿಂತನೆ ಮಾಡೋಣ ಎಂದೆಲ್ಲ. ಅವನ ಒಂದು ಬೂಟು ಕಪ್ಪಾಗಿತ್ತು.

ಬಹುಮಾನ ಬಂದೇ ಬಂತು. ಮೇಲಿನ ಮಹಡಿಯಲ್ಲಿ ಇನ್ನೂ ಬಾಡಿಗೆಗೆ ಹೋಗದ ಒಂದು ಖಾಲಿ ಮನೆಯಿದೆ, ಅದರ ಫೋಟೋ ತೆಗೆದು ಹಾಕಿದ್ದಾರಂತೆ. ಸರಿಯಾದ ಮನೆಯನ್ನೇ ಆರಿಸಿದ್ದಾರೆ. ಅಲ್ಲಿ ಬೆಳಕು ಒಂದೇ ವಾಸವಾಗಿದೆ, ಅದಕ್ಕೆ ಬಾತ್‌ರೂಮಿಗೆ ಹೋಗುವ ಕಷ್ಟವಿಲ್ಲ.

ಕಟ್ಟಡದಲ್ಲಿ ಈಗ ಮೇಷ್ಟ್ರ ಮನೆಯೊಳಗೆ ಪುಸ್ತಕದ ಬೀರು ನಡುಮನೆಯಲ್ಲಿ ಅಡ್ಡ ನಿಂತಿದೆ, ನರ್ಸಮ್ಮನ ಮನೆಯಲ್ಲಿ ಹೊಸ ಕಮೋಡ್ ಕುರ್ಚಿ ಚಾದರವಿಲ್ಲದೆ ಕೂತಿದೆ. ಕೀಲಿಗೊಂಚಲು ಬಂದು ಸಾಮಾನು ತೆಗೆಯಿರಿ ಎಂದು ಹೇಳಿಹೋಗುತ್ತಾನೆ. ನಿನ್ನೆಯೂ ಬಂದಿದ್ದ. ಅಕ್ಕ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದಳು, ಕೂರಿ ಅನ್ನಲಿಲ್ಲ. ಅವನು ಹೋದಮೇಲೆ ನಾನು ಬೇಕೆಂದೇ, "ಅಕ್ಕಾ, ಮನೆ ಗೋದಾಮಿನ ಹಾಗಿದೆ. ಬಂದೋರು ಏನಂತಾರೆ?" ಎಂದೆ.

"ಅನ್ಕೊಳ್ಳಲಿ ಬಿಡು" ಅಂದಳು. "ಸಾರಿಗೆ ಮತ್ತೆ ಉಪ್ಪು ಸುರಿದಿದ್ದೀಯ. ಒಂದು ಲೋಟ ನೀರು ಕೊಡು. ತುಂಬ ಕೊಡು."